ಹಿಂಬಾಗಿಲ ಬೀಗದ ಕೈ

ಹೊಲಿಗೆ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಆಮೆನ್ ಅಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಿಜ. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿದ್ದಳೋ ಇಲ್ಲವೋ. ಮಧ್ಯಾಹ್ನದ ಗಂಟೆ ಹೊಡೆದು ಹೆಂಗಸರೆಲ್ಲ ಉದ್ದನೆಯ ಬೆಂಚಿನ ಮೇಲೆ ಡಬ್ಬಿ ಇಟ್ಟುಕೊಂಡು ಕೂತಾಗ ಅವಳು ಕಣ್ಣು ಮುಚ್ಚಿ, ಕೂಗಿಯೂ ಅಲ್ಲ ಪಿಸುಗುಟ್ಟಿಯೂ ಅಲ್ಲ, ಪಕ್ಕದವರೊಂದಿಗೆ ಮಾತಾಡುವಷ್ಟೇ ದನಿಯಲ್ಲಿ ಊಟ ಕೊಟ್ಟ ದೇವರಿಗೆ ನಾಲ್ಕು ಮಾತಿನಲ್ಲಿ ವಂದನೆ ಹೇಳಿ ಆಮೆನ್ ಅನ್ನುತ್ತಿದ್ದಳು. ಆ ಬೆಂಚಿನಲ್ಲಿ ಅವಳನ್ನು ಬಿಟ್ಟರೆ ಅವಳ ದೇವರನ್ನು ನಂಬಿದವರು ಮೂವರೇ. ಆದರೂ ಆಮೆನ್ ಬೀಳುವ ತನಕ ಯಾರೂ ಮುಚ್ಚಳ ತೆಗೆಯುತ್ತಿರಲಿಲ್ಲ. ಹಾಗೆ ಮಾಡಿ ಎಂದು ಅವಳೇನೂ ಹೇಳಿರಲಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಉಂಡವರಿಗೆ ಅದು ತಾನಾಗಿ ರೂಢಿಯಾಗಿತ್ತು.

ಪಕ್ಕದಲ್ಲಿ ಕೂರುತ್ತಿದ್ದವಳು ಗುಂಡಿಯಮ್ಮ. ಅಂಗಿಗೆ ಗುಂಡಿ ಹಾಕುವ ಮಷೀನು ಅವಳದು, ಹದಿನೆಂಟು ವರ್ಷದಿಂದ. ಊರಿನ ಅಂಗಿಗೆಲ್ಲ ಗುಂಡಿ ಹಾಕುತ್ತಾಳೆ, ತನ್ನ ಬಾಯಿಗೊಂದು ಹಾಕಿಕೊಳ್ಳಲಿಲ್ಲ ಎಂದು ಅವಳನ್ನು ರೇಗಿಸುತ್ತಿದ್ದರು. ಅಕ್ಕನ ಪ್ರಾರ್ಥನೆ ಉದ್ದವಾದ ದಿನ ಅವಳು ಮೊಣಕೈಯಲ್ಲಿ ತಿವಿದು, ನಿನ್ನ ದೇವರಿಗೆ ಕೇಳಿಸಿದೆ, ನನ್ನ ಹೊಟ್ಟೆಗೆ ಕೇಳಿಸ್ತಿಲ್ಲ ಅನ್ನುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು.

ಅಕ್ಕ ಫಿನಿಶಿಂಗ್ ವಿಭಾಗದ ಸೂಪರ್‌ವೈಸರ್. ಹೊಲಿದ ಅಂಗಿ ಅಲ್ಲಿಗೆ ಬಂದು, ದಾರದ ತುದಿ ಕತ್ತರಿಸಿಕೊಂಡು, ಇಸ್ತ್ರಿಯಾಗಿ, ಮಡಿಚಿ, ಪ್ಲಾಸ್ಟಿಕ್ ಚೀಲ ಸೇರಿ ರಟ್ಟಿನ ಡಬ್ಬದೊಳಗೆ ಹೋಗಬೇಕು. ಅಕ್ಕನ ಕೆಲಸ ಮೂವತ್ತೆರಡು ಹೆಂಗಸರ ಮೇಲೆ ನಿಗಾ ಇಡುವುದು. ಬೈಯುತ್ತಿರಲಿಲ್ಲ. ಆ ಕಾರ್ಖಾನೆಯಲ್ಲಿ ಬೈಯದ ಸೂಪರ್‌ವೈಸರ್ ಅವಳೊಬ್ಬಳೇ. ಯಾರಾದರೂ ತಡವಾಗಿ ಬಂದು, ಹೊತ್ತಿಗೆ ಸರಿಯಾಗಿ ಬಂದೆ ಅಂತ ಬರೆಯಿರಿ ಅಕ್ಕ ಎಂದರೆ ಬರೆಯುತ್ತಿರಲಿಲ್ಲ. ಹಾಗೆಂದು ಮ್ಯಾನೇಜರ್ ಬಂದು ಅವಳ್ಯಾಕೆ ತಡ ಎಂದರೆ, ಮಗುವಿಗೆ ಜ್ವರ ಸರ್, ನಾನಾಗಿದ್ದರೆ ಬರ್ತಾನೇ ಇರಲಿಲ್ಲ ಎಂದು ಅವಳ ಪರ ನಿಲ್ಲುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡ ನಲ್ಲಿ ರಿಪೇರಿಯವನು. ಭಾನುವಾರದ ಆರಾಧನೆಗೆ ಹೆಂಡತಿಯ ಜೊತೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದ. ಸ್ವರ್ಗದಲ್ಲಿ ಪೈಪು ಸೋರಿದರೆ ನನ್ನನ್ನೂ ಕರೀತಾರೆ, ನೀನು ಚಿಂತೆ ಮಾಡಬೇಡ ಎಂದು ಅವಳಿಗೆ ಹೇಳುತ್ತಿದ್ದ.

ಫಿನಿಶಿಂಗ್ ಹಾಲಿಗೆ ಎರಡು ಬಾಗಿಲು. ಮುಂದಿನದು ದೊಡ್ಡ ಮೆಟ್ಟಿಲಿಗೆ. ಹಿಂದಿನದು ಕಬ್ಬಿಣದ ಇಕ್ಕಟ್ಟು ಮೆಟ್ಟಿಲಿಗೆ, ಅದು ಗೋದಾಮಿನ ಅಂಗಳಕ್ಕೆ ಇಳಿಯುತ್ತಿತ್ತು. ಆ ವರ್ಷ ಹಿಂದಿನ ಮೆಟ್ಟಿಲಿನಿಂದ ಅಂಗಿಗಳು ಕಾಣೆಯಾಗುತ್ತಿವೆ ಎಂದು ಗಲಾಟೆಯಾಯಿತು. ಹಿಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿಯಬೇಕು ಎಂದು ಮ್ಯಾನೇಜರ್ ಹುಕುಂ ಮಾಡಿದ. ಕೀಲಿ ಯಾರ ಬಳಿ ಇರಬೇಕು ಎಂಬ ಮಾತು ಬಂದಾಗ ಅವನು ಎಲ್ಲರೆದುರಿಗೆ ಅಕ್ಕನನ್ನು ತೋರಿಸಿ, ಇವರ ಕೈಲಿದ್ದರೆ ದೇವರ ಕೈಲಿದ್ದ ಹಾಗೆ ಎಂದ.

ಬೆಂಕಿಗಿಂಕಿ ಬಿದ್ದರೆ ಏನು ಗತಿ ಸರ್ ಎಂದು ಅಕ್ಕ ಅವತ್ತು ಕೇಳಿದ್ದಳು. ತಪಾಸಣೆಯವರು ಬರುವ ದಿನ ತೆಗೆದಿಡೋಣ, ಮಿಕ್ಕ ದಿನ ನೀವಿದ್ದೀರಲ್ಲ ಎಂದು ಅವನು ನಕ್ಕ. ಅವಳು ಇನ್ನೊಂದು ಸಲ ಕೇಳಲಿಲ್ಲ. ಇಷ್ಟು ಜನರ ಮಧ್ಯೆ ತನ್ನನ್ನೇ ನಂಬಿದರಲ್ಲ ಎಂಬ ಹಿಗ್ಗು ಒಳಗೆಲ್ಲೋ ಇತ್ತು. ಮುಂದೆ ಅವಳನ್ನು ಹೆಚ್ಚು ತಿಂದದ್ದು ಆ ಹಿಗ್ಗೇ. ಬೆಳಿಗ್ಗೆ ಬಂದ ಕೂಡಲೇ ಹೊರಗಿನಿಂದ ಬೀಗ ಹಾಕಿ, ಸುತ್ತು ಬಳಸಿ ಮುಂದಿನ ಮೆಟ್ಟಿಲು ಹತ್ತಿ ಬಂದು, ಬೀಗದ ಕೈಯನ್ನು ಏಪ್ರನ್ ಜೇಬಿನಲ್ಲಿ ಇಟ್ಟುಕೊಳ್ಳುವುದು ದಿನದ ಮೊದಲ ಕೆಲಸವಾಯಿತು.

ಇಸ್ತ್ರಿ ಮೇಜಿನಲ್ಲಿ ಆ ವರ್ಷ ಹೊಸದಾಗಿ ಸೇರಿದವಳೊಬ್ಬಳಿದ್ದಳು. ಇಪ್ಪತ್ತಮೂರು ವರ್ಷ, ಕಡ್ಡಿಯಂಥ ಮೈ, ಮೇಜಿಗೆ ಎಟುಕಲೆಂದು ಕಾಲ ಕೆಳಗೆ ಮರದ ಹಲಗೆ ಇಟ್ಟುಕೊಂಡು ನಿಲ್ಲುತ್ತಿದ್ದಳು. ಗುಬ್ಬಿ ಎಂದು ಹೆಸರಿಟ್ಟರು. ತಂದೆ ತೀರಿಕೊಂಡಿದ್ದ. ತಾಯಿ ಮಗಳು ಇಬ್ಬರೇ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ. ಗುಬ್ಬಿಗೆ ಪ್ರಾರ್ಥನೆಯ ಗೊಡವೆ ಇರಲಿಲ್ಲ. ಆದರೆ ಅಕ್ಕನನ್ನು ಕಂಡರೆ ಸಲಿಗೆ. ನಿಮ್ಮ ದೇವರು ಇಸ್ತ್ರಿ ಬಟ್ಟೆ ಹಾಕ್ತಾನಾ ಅಕ್ಕ, ಇಲ್ಲ ಮುದುರಿಕೊಂಡಿರ್ತಾನಾ ಎಂದು ಒಂದು ದಿನ ಕೇಳಿದಳು. ಅವನು ಇಸ್ತ್ರಿ ಹಾಕುವವರ ಪೈಕಿ, ಹಾಕಿಸಿಕೊಳ್ಳುವವರ ಪೈಕಿ ಅಲ್ಲ ಎಂದು ಅಕ್ಕ ಹೇಳಿದಳು. ಗುಬ್ಬಿಗೆ ಅದು ಹಿಡಿಸಿತು. ಆಮೇಲೆ ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಮಧ್ಯಾಹ್ನ ಮೂರೂವರೆಗೆ ಚಹಾದ ಬಿಡುವು, ಹದಿನೈದು ನಿಮಿಷ. ಹೆಂಗಸರು ಕೆಳಗಿಳಿದು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ಅಕ್ಕ ಮತ್ತು ಅವಳ ಚರ್ಚಿನ ಸಭೆಯ ಮೂವರು ಹೆಂಗಸರು ದೊಡ್ಡ ಮೆಟ್ಟಿಲು ತಿರುಗುವ ಜಾಗದಲ್ಲಿ, ಕಿಟಕಿಯ ಹತ್ತಿರ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಹೋಗಿ ಬರುವವರು ನೋಡುತ್ತಿದ್ದರು, ಕೆಲವರು ನಗುತ್ತಿದ್ದರು, ಕೆಲವರು ನನ್ನ ಗಂಡನ ಕೆಮ್ಮಿಗೂ ಒಂದು ಮಾತು ಸೇರಿಸಿ ಎಂದು ಹೇಳಿ ಇಳಿಯುತ್ತಿದ್ದರು. ಅಕ್ಕ ಸೇರಿಸುತ್ತಿದ್ದಳು.

ಅವತ್ತು ಮಾಲು ಕಳಿಸುವ ದಿನ. ಗುಬ್ಬಿಯ ಮೇಜಿನಲ್ಲಿ ಅಂಗಿಗಳ ರಾಶಿ ಹಾಗೇ ಉಳಿದಿತ್ತು. ನೀವು ಹೋಗಿ ಅಕ್ಕ, ಇದಿಷ್ಟು ಮುಗಿಸ್ತೀನಿ ಎಂದು ಅವಳು ಉಳಿದುಕೊಂಡಳು. ಮಡಿಚುವವರು ಇಬ್ಬರು ಮುಂಬಾಗಿಲ ಬಳಿ ಇದ್ದರು. ಬಾ, ಐದು ನಿಮಿಷ ಕಾಲು ಚಾಚು ಎಂದು ಅಕ್ಕ ಕರೆದಳು. ಒತ್ತಾಯ ಮಾಡಲಿಲ್ಲ. ಮಾಲು ಹೋಗಬೇಕಿತ್ತು.

ನಾಲ್ವರೂ ಕಣ್ಣು ಮುಚ್ಚಿ ನಿಂತಿದ್ದರು. ಅಕ್ಕನ ಸರದಿ. ನಡುವೆ ಸುಟ್ಟ ವಾಸನೆ ಬಂತು. ಇಸ್ತ್ರಿಯ ಕೋಣೆಯಲ್ಲಿ ಸುಟ್ಟ ವಾಸನೆ ಬಾರದ ದಿನವೇ ಇರಲಿಲ್ಲ. ಯಾರೋ ಕಾಲರ್ ಸುಟ್ಟರು ಎಂದುಕೊಂಡಳು. ಪ್ರಾರ್ಥನೆ ಮುಗಿಸಿಯೇ ನೋಡೋಣ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಅವಳಿಗೆ ಸ್ಪಷ್ಟವಾಗಿ ನೆನಪಿದೆ. ಆಮೆನ್ ಎಂದು ಕಣ್ಣು ಬಿಡುವ ಹೊತ್ತಿಗೆ ಮೇಲಿನಿಂದ ಮಡಿಚುವ ಹೆಂಗಸರಿಬ್ಬರೂ ಕಿರುಚುತ್ತ ಓಡಿಬಂದರು. ಮುಂಬಾಗಿಲ ಪಕ್ಕದ ವೈರು ಹೊತ್ತಿಕೊಂಡು, ಅಲ್ಲೇ ಪೇರಿಸಿಟ್ಟ ಪ್ಲಾಸ್ಟಿಕ್ ಚೀಲಗಳಿಗೂ ರಟ್ಟಿನ ಡಬ್ಬಗಳಿಗೂ ಬೆಂಕಿ ಹಿಡಿದಿತ್ತು. ಕಪ್ಪು ಹೊಗೆ ಬಾಗಿಲು ತುಂಬಿ ಮೆಟ್ಟಿಲಿಗೆ ಇಳಿಯುತ್ತಿತ್ತು.

ಗುಬ್ಬಿ ಎಲ್ಲಿ ಎಂದು ಅಕ್ಕ ಕೇಳಿದಳು. ಹಿಂದಕ್ಕೆ ಓಡಿದಳು, ಹಿಂಬಾಗಿಲಿಗೆ ಎಂದರು.

ಜೇಬಿನಲ್ಲಿ ಬೀಗದ ಕೈ ಇತ್ತು. ಅಕ್ಕ ಮೆಟ್ಟಿಲಿಳಿದು, ಚಹಾ ಲೋಟ ಹಿಡಿದು ನಿಂತಿದ್ದವರನ್ನು ತಳ್ಳಿಕೊಂಡು, ಕಟ್ಟಡವನ್ನು ಸುತ್ತಿ, ಗೋದಾಮಿನ ಅಂಗಳ ದಾಟಿ ಹಿಂದಿನ ಮೆಟ್ಟಿಲು ಹತ್ತಿದಳು. ಐವತ್ತರ ಹತ್ತಿರದ ಹೆಂಗಸು, ಮಂಡಿ ನೋವಿನವಳು. ಮೊದಲ ಮಹಡಿ ದಾಟುವಾಗ ಮೇಲೆ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಬಂದೆ, ಬಂದೆ ಎಂದು ಕೂಗುತ್ತ ಹತ್ತಿದಳು. ಬಾಗಿಲ ಮುಂದೆ ನಿಲ್ಲುವ ಹೊತ್ತಿಗೆ ಸದ್ದು ನಿಂತಿತ್ತು. ಕೀಲಿ ಬೀಗದ ಬಾಯಿಗೆ ಹೋಗಲಿಲ್ಲ. ಎರಡನೇ ಸಲವೂ ಹೋಗಲಿಲ್ಲ. ಮೂರನೇ ಸಲಕ್ಕೆ ತೆಗೆದಳು. ಬಾಗಿಲು ಎಳೆದ ಕೂಡಲೇ ಹೊಗೆ ಮುಖಕ್ಕೆ ರಾಚಿತು, ಗುಬ್ಬಿ ಅವಳ ಕಾಲ ಮೇಲೆ ಕುಸಿದು ಬಿದ್ದಳು. ಮೈಮೇಲೆ ಒಂದು ಸುಟ್ಟ ಗಾಯವಿರಲಿಲ್ಲ. ಎದೆಯೊಳಗೆ ಹೊಗೆ ತುಂಬಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಉಸಿರು ಹಿಡಿದುಕೊಂಡಿದ್ದು, ನಾಲ್ಕನೇ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಆ ಮೂರೂ ದಿನ ಅಕ್ಕ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಳು. ಗುಬ್ಬಿಯ ತಾಯಿ ಎದುರು ಬೆಂಚಿನಲ್ಲಿದ್ದಳು. ಇವಳು ಯಾರೆಂದು ಆ ತಾಯಿಗೆ ಗೊತ್ತಿರಲಿಲ್ಲ. ಕೆಲಸದ ಜಾಗದಿಂದ ಬಂದ ಯಾರೋ ದೊಡ್ಡವರು ಎಂದುಕೊಂಡು, ಒಮ್ಮೆ ತನ್ನ ನೀರಿನ ಬಾಟಲಿಯನ್ನೇ ಇವಳತ್ತ ಚಾಚಿದಳು. ಅಕ್ಕ ತೆಗೆದುಕೊಂಡು ಕುಡಿದಳು.

ಶವಸಂಸ್ಕಾರದ ಮರುದಿನ ಮ್ಯಾನೇಜರ್ ಅವಳನ್ನು ಕರೆಸಿದ. ಟೈಪ್ ಮಾಡಿದ ಒಂದು ಹಾಳೆ ಮೇಜಿನ ಮೇಲಿತ್ತು. ಹಿಂಬಾಗಿಲು ಎಂದಿನಂತೆ ತೆರೆದೇ ಇತ್ತು, ಆ ಹುಡುಗಿಗೆ ಮೊದಲಿನಿಂದಲೂ ಉಸಿರಾಟದ ತೊಂದರೆ ಇತ್ತು, ಗಾಬರಿಯಿಂದ ಬಾಗಿಲ ಬಳಿ ಬಿದ್ದಳು ಎಂದು ಅದರಲ್ಲಿತ್ತು. ಕೆಳಗೆ ಅಕ್ಕನ ಹೆಸರು, ಸಹಿಗೆ ಜಾಗ. ಅವನು ಗದರಿಸಲಿಲ್ಲ, ಹೆದರಿಸಲೂ ಇಲ್ಲ. ಅವನ ಕಣ್ಣೂ ಕೆಂಪಾಗಿತ್ತು. ನೋಡಿಯಮ್ಮ, ಬೀಗ ಹಾಕಿದವರು ನೀವು, ಕೀಲಿ ಇದ್ದದ್ದು ನಿಮ್ಮ ಜೇಬಿನಲ್ಲಿ, ಮೊದಲು ಸಿಕ್ಕಿಬೀಳುವವರು ನೀವೇ ಎಂದ. ಬೀಗ ಇತ್ತು ಎಂದು ಗೊತ್ತಾದರೆ ಕಾರ್ಖಾನೆಗೆ ಸೀಲ್ ಬೀಳುತ್ತದೆ, ನಾನೂರು ಜನ ಬೀದಿಗೆ ಬೀಳುತ್ತಾರೆ ಎಂದ. ಅವನ ಆ ಮಾತುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ತಪಾಸಣಾ ಅಧಿಕಾರಿ ಬರಲು ನಾಲ್ಕು ದಿನವಿತ್ತು. ಯೋಚನೆ ಮಾಡ್ತೀನಿ ಸರ್ ಎಂದು ಹಾಳೆ ಮಡಿಚಿಕೊಂಡು ಬಂದಳು.

ಗಂಡ ಓದಿ ನೋಡಿದ. ಸಹಿ ಹಾಕು, ಇವಳೇ ಎಂದ. ಬೆಂಕಿ ನೀನು ಹಚ್ಚಲಿಲ್ಲ, ಬೀಗ ನಿನ್ನ ಬುದ್ಧಿಯಲ್ಲ, ಒಂದು ಕಾಗದಕ್ಕೆ ಯಾಕೆ ಜೀವ ತೇಯುತ್ತೀ ಎಂದ. ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು. ಆ ಕಾಗದದ ಪ್ರಕಾರ ಆ ತಾಯಿಗೆ ಪರಿಹಾರವೂ ಸಿಗಲ್ಲ ಕಣ್ರೀ, ಮಗಳು ಕಾಯಿಲೆಯಿಂದ ಸತ್ತಳು ಅಂತಾಗುತ್ತೆ ಎಂದಳು. ಗಂಡ ತೊಳೆದ ಪಾತ್ರೆ ಒರೆಸಿಡುತ್ತ, ನಿಂದೂ ಒಂದು ಜೀವ ಅಲ್ವಾ ಎಂದ.

ಪಾದ್ರಿಗಳು ತಾವೇ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಆಸ್ಪತ್ರೆಗೂ ಎರಡು ಸಲ ಬಂದು ಹೋಗಿದ್ದರು. ಸುಳ್ಳಿಗೆ ಸಹಿ ಹಾಕು ಎಂದು ಅವರು ಹೇಳಲಿಲ್ಲ, ಹೇಳುವವರೂ ಅಲ್ಲ. ಆದರೆ ನಿಜ ಹೇಳುವಾಗ ಎಲ್ಲವನ್ನೂ ಹೇಳಬೇಕೇ ಎಂಬುದು ಅವರ ಅಳುಕು. ಹೆಂಗಸರು ಪ್ರಾರ್ಥನೆಗೆ ನಿಂತಿದ್ದಾಗ ಒಂದು ಹುಡುಗಿ ಸತ್ತಳು ಎಂದು ಊರೆಲ್ಲ ಆಡಿಕೊಂಡರೆ ನಾಳೆ ನಮ್ಮವರು ಎಲ್ಲೂ ಪ್ರಾರ್ಥನೆಗೆ ತಲೆಬಾಗಿ ನಿಲ್ಲೋದು ಕಷ್ಟ, ಚಹಾದ ಬಿಡುವು ಎಂದರೂ ಅದು ಸುಳ್ಳಲ್ಲ ಎಂದರು.

ಅಕ್ಕ ಹೇಳಿದಳು:

"ಒಳ್ಳೆ ಹೆಸರು ಬರುವಾಗೆಲ್ಲ ಪ್ರಾರ್ಥನೆಯವಳು ಅಂತಲೇ ಹೇಳಿಸಿಕೊಂಡೆ ಅಯ್ಯನವರೇ. ಕೀಲಿ ನನ್ನ ಕೈಗೆ ಬಂದದ್ದೂ ಅದೇ ಹೆಸರಿನಿಂದ. ಈಗ ಮಾತ್ರ ಚಹಾ ಕುಡೀತಿದ್ದೆ ಅಂತ ಬರೆಸಲಾ?"

ಪಾದ್ರಿಗಳು ಎದ್ದರು. ಹೊರಡುವಾಗ ಅವಳ ತಲೆಯ ಮೇಲೆ ಕೈಯಿಟ್ಟರು.

ಅಧಿಕಾರಿ ಬರುವ ಹಿಂದಿನ ದಿನ ಸಂಜೆ ಗುಂಡಿಯಮ್ಮ ಬಂದಳು. ಅವಳ ಗಂಡ ಹಾಸಿಗೆ ಹಿಡಿದು ಆರು ವರ್ಷವಾಗಿತ್ತು, ಮನೆ ನಡೆಯುತ್ತಿದ್ದದ್ದು ಆ ಗುಂಡಿ ಮಷೀನಿನ ಮೇಲೆ. ಯಾವತ್ತೂ ಬಾಯಿ ಮುಚ್ಚದವಳು ಅವತ್ತು ಬಂದು ಕಾಲು ಗಂಟೆ ಸುಮ್ಮನೆ ಕೂತಳು. ಎದ್ದು ನಿಂತ ಮೇಲೆ ಹೇಳಿದಳು:

"ಗುಬ್ಬಿ ಹೋದಳು. ನೀನು ನಿಜ ಹೇಳಿದರೆ ವಾಪಸ್ ಬರ್ತಾಳಾ? ನಾವು ಇನ್ನೂ ಬದುಕಿದ್ದೀವಿ ಕಣೇ. ಅದನ್ನೂ ಒಂದು ಸಲ ನಿನ್ನ ದೇವರಿಗೆ ಹೇಳು."

ಅಕ್ಕ ಅದನ್ನೂ ದೇವರಿಗೆ ಹೇಳಿದಳು. ಬೆಳಕು ಹರಿಯುವ ಮುಂಚೆ ಎದ್ದು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಸಹಿ ಹಾಕುವುದಕ್ಕೆ ಒಂದು ದಾರಿ ಇದ್ದರೆ ತೋರಿಸು ಎಂದೇ ಬೇಡಿದಳು. ಅವಳಿಗೆ ಅಂಥ ಧೈರ್ಯವೇನೂ ಇರಲಿಲ್ಲ. ಗುಂಡಿಯಮ್ಮನ ಮಾತು ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ದಾರಿಯೇನೋ ಕಾಣಲಿಲ್ಲ. ಕಂಡದ್ದು ಕಾರಿಡಾರಿನಲ್ಲಿ ನೀರಿನ ಬಾಟಲಿ ಚಾಚಿದ ಆ ತಾಯಿಯ ಕೈ.

ಅಧಿಕಾರಿ ಮ್ಯಾನೇಜರ್ ಕೋಣೆಯಲ್ಲೇ ಕೂತು ಒಬ್ಬೊಬ್ಬರನ್ನಾಗಿ ಕರೆದ. ಅಕ್ಕ ಮಡಿಚಿದ ಹಾಳೆಯನ್ನು ಸಹಿ ಇಲ್ಲದೆ ಮೇಜಿನ ಮೇಲಿಟ್ಟಳು. ಬಾಗಿಲಿಗೆ ಬೀಗ ಇತ್ತು ಸರ್, ಹಾಕಿದವಳು ನಾನು, ಬೆಂಕಿ ಬಿದ್ದರೆ ಏನು ಗತಿ ಅಂತ ಒಂದೇ ಸಲ ಕೇಳಿದೆ, ಎರಡನೇ ಸಲ ಕೇಳಲಿಲ್ಲ ಎಂದಳು. ಆ ಹೊತ್ತಿಗೆ ನೀವು ಎಲ್ಲಿದ್ದಿರಿ ಎಂದು ಅವನು ಕೇಳಿದ. ಪ್ರಾರ್ಥನೆ ಮಾಡ್ತಿದ್ದೆ, ಸುಟ್ಟ ವಾಸನೆ ಬಂತು, ಮುಗಿಸಿಯೇ ನೋಡೋಣ ಅಂತ ಕಣ್ಣು ಬಿಡಲಿಲ್ಲ ಎಂದಳು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಬಿಡುವಿನಲ್ಲಿದ್ದೆ ಎಂದು ಬರೆದರೆ ಸಾಕಲ್ಲ, ಮಿಕ್ಕಿದ್ದು ನಾನು ಕೇಳಲಿಲ್ಲ ಎಂದ. ಅದನ್ನೂ ಬರೆದುಕೊಳ್ಳಿ ಸರ್ ಎಂದಳು ಅಕ್ಕ.

ವಾರದೊಳಗೆ ಕಾರ್ಖಾನೆಯ ಗೇಟಿಗೆ ಸೀಲ್ ಬಿತ್ತು. ಕಾಗದ ಅಂಟಿಸುವುದನ್ನು ನೋಡಲು ಹೆಂಗಸರೆಲ್ಲ ಸೇರಿದ್ದರು. ಅಕ್ಕನೂ ಹೋಗಿದ್ದಳು. ಹೋಗಬೇಡ ಎಂದು ಗಂಡ ಹೇಳಿದ್ದ. ಅಡಗಿಕೊಂಡಿರೋದು ಬೇಡ ಎಂದು ಬಂದಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಅವಳು ನಿಂತ ಕಡೆಯಿಂದ ಒಬ್ಬೊಬ್ಬರೇ ಸರಿದು, ಸುತ್ತ ಒಂದು ಬಯಲು ಮಾಡಿದರು, ಅಷ್ಟೇ. ಮೆಟ್ಟಿಲಲ್ಲಿ ಜೊತೆಗೆ ನಿಲ್ಲುತ್ತಿದ್ದ ಆ ಮೂವರೂ ಸರಿದವರಲ್ಲೇ ಇದ್ದರು. ಗುಂಡಿಯಮ್ಮ ಮಾತ್ರ ಎದುರಿಗೆ ಬಂದು ನಿಂತಳು.

"ನಿನ್ನ ಸ್ವರ್ಗಕ್ಕೆ ನಮ್ಮನ್ನ ಮೆಟ್ಟಿಲು ಮಾಡ್ಕೊಂಡೆ" ಎಂದಳು.

ಹದಿನೆಂಟು ವರ್ಷ ಒಂದೇ ಬೆಂಚಿನಲ್ಲಿ ಉಂಡವಳು. ಆ ಮಾತು ಹೇಳಿ ಹೋದವಳು ಮತ್ತೆ ಅಕ್ಕನ ಮನೆ ಹೊಸಿಲು ತುಳಿಯಲಿಲ್ಲ. ಅಕ್ಕ ಅವಳ ಮನೆಗೆ ಮೂರು ಸಲ ಹೋದಳು. ಮೂರು ಸಲವೂ ಗುಂಡಿಯಮ್ಮ ಒಳಗಿದ್ದುಕೊಂಡೇ ಇಲ್ಲ ಎಂದು ಹೇಳಿಸಿದಳು.

ಗುಬ್ಬಿಯ ಮನೆಗೆ ಹೋಗಲು ಅಕ್ಕನಿಗೆ ಇನ್ನೂ ಹದಿನೈದು ದಿನ ಬೇಕಾಯಿತು. ಗಂಡ ಓಣಿಯ ಬಾಯಿಯವರೆಗೆ ಬಂದು ಅಲ್ಲೇ ನಿಂತ. ತಾಯಿ ಬಾಗಿಲಲ್ಲಿ ಕೂತಿದ್ದಳು. ಆಸ್ಪತ್ರೆಯಲ್ಲಿ ಕಂಡ ಗುರುತು ಹಿಡಿದು ಒಳಗೆ ಕರೆದಳು, ಚಾಪೆ ಹಾಸಿದಳು. ಅಕ್ಕ ಕೂರದೆ, ನಿಂತೇ, ತಾನು ಯಾರೆಂದು ಹೇಳಿದಳು. ಕೀಲಿ ಯಾರ ಬಳಿ ಇತ್ತೆಂದು ಹೇಳಿದಳು. ಪ್ರಾರ್ಥನೆಯ ವಿಷಯವನ್ನೂ ಬಿಡಲಿಲ್ಲ. ತಾಯಿ ಕೇಳಿಸಿಕೊಂಡಳು. ಅಳಲಿಲ್ಲ, ಮೇಲೇಳಲೂ ಇಲ್ಲ. ಗೋಡೆಗೆ ಒರಗಿ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಬಾಗಿಲು ಬಡೀತಿದ್ದಳಾ?"

ಇಲ್ಲ ಎನ್ನಬಹುದಿತ್ತು. ನಾನು ಬರುವಷ್ಟರಲ್ಲಿ ಮಲಗಿದ ಹಾಗಿದ್ದಳು ಎನ್ನಬಹುದಿತ್ತು. ಲೋಕದಲ್ಲಿ ಯಾರೂ ಅದನ್ನು ಪಾಪ ಅನ್ನುತ್ತಿರಲಿಲ್ಲ. ಅಕ್ಕನ ನಾಲಗೆ ಆ ಕಡೆಗೇ ಹೊರಳಿತ್ತು ಕೂಡ. ಆದರೆ ಆ ಹೆಂಗಸು ತಲೆಯೆತ್ತಿ ನೇರವಾಗಿ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದಳು.

"ಬಡೀತಿದ್ದಳಮ್ಮ. ನಾನು ಮೆಟ್ಟಿಲು ಹತ್ತುವಾಗ ಕೇಳಿಸ್ತು. ಆಮೇಲೆ ನಿಂತುಹೋಯ್ತು."

ಅಕ್ಕ ಅಭ್ಯಾಸಬಲದಿಂದ ಎರಡೂ ಕೈ ಸೇರಿಸಿದಳು. ಅದನ್ನು ನೋಡಿ ತಾಯಿ, ಇಲ್ಲಿ ಬೇಡ ಎಂದಳು. ನಿನ್ನ ಪ್ರಾರ್ಥನೆ ನನ್ನ ಮನೆಯಲ್ಲಿ ಬೇಡ, ಎದ್ದು ಹೋಗು ಎಂದಳು. ಅಕ್ಕ ನಿಂತೇ ಇದ್ದಳು, ಏಳುವುದಕ್ಕೇನೂ ಇರಲಿಲ್ಲ. ಕೈ ಇಳಿಸಿಕೊಂಡು ಹೊರಗೆ ಬಂದಳು.

ಆಮೇಲೆ ಸುಮಾರು ಎಂಟು ತಿಂಗಳು ಅವಳಿಂದ ಪ್ರಾರ್ಥನೆಯೇ ಆಗಲಿಲ್ಲ. ಊಟದ ಮುಂದೆ ಕೂತರೆ ಕಣ್ಣು ಮುಚ್ಚಲು ಹೆದರಿಕೆ. ಮುಚ್ಚಿದ ಕೂಡಲೇ ಮೂಗಿಗೆ ವಾಸನೆ ಬರುತ್ತಿತ್ತು. ಒಂದು ದಿನ ಗಂಡನೇ ತಟ್ಟೆಯ ಮುಂದೆ ಕೂತು, ತಡವರಿಸುತ್ತ, ದೇವರೇ ಈ ಊಟಕ್ಕೆ ವಂದನೆ, ಇವಳು ಸರಿಯಾಗಿ ಉಣ್ಣೋ ಹಾಗೆ ಮಾಡು ಎಂದ. ಇಪ್ಪತ್ತಾರು ವರ್ಷದಲ್ಲಿ ಅವನು ಗಟ್ಟಿಯಾಗಿ ಮಾಡಿದ ಮೊದಲ ಪ್ರಾರ್ಥನೆ ಅದು. ಅಕ್ಕ ಕಣ್ಣು ಬಿಟ್ಟುಕೊಂಡೇ ಕೇಳಿದಳು. ಅಂದಿನಿಂದ ಅವಳು ಪ್ರಾರ್ಥನೆ ಮಾಡುವುದು ಹಾಗೆಯೇ, ಕಣ್ಣು ಬಿಟ್ಟುಕೊಂಡು, ಸುತ್ತಮುತ್ತ ನೋಡುತ್ತ. ನೋಡಿದವರಿಗೆ ಏನೋ ಹುಡುಕುತ್ತಿದ್ದಾಳೆ ಅನ್ನಿಸುತ್ತದೆ.

ಕೇಸು ಎರಡು ವರ್ಷ ನಡೆಯಿತು. ಮಾಲೀಕನಿಗೂ ಮ್ಯಾನೇಜರಿಗೂ ದಂಡ ಬಿತ್ತು. ಅಕ್ಕ ತಪ್ಪೊಪ್ಪಿಕೊಂಡಿದ್ದಳು, ಜೈಲಿಗೆ ಹೋಗಬೇಕಾಗಬಹುದೆಂದು ಎರಡು ಜೊತೆ ಬಟ್ಟೆ ಒಂದು ಚೀಲದಲ್ಲಿ ಹಾಕಿಕೊಂಡು ತೀರ್ಪಿನ ದಿನ ಹೋಗಿದ್ದಳು. ಮೇಲಿನವರ ಮಾತಿನಂತೆ ನಡೆದವಳು, ತಾನಾಗಿ ನಿಜ ಹೇಳಿದವಳು ಎಂದು ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಗಂಡ ನ್ಯಾಯಾಲಯದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ಅವಳಿಗೆ ಮಾತ್ರ, ಹೊತ್ತುಕೊಳ್ಳಲು ಸಿದ್ಧವಾಗಿ ನಿಂತ ಹೊರೆಯನ್ನು ಯಾರೋ ಬೇರೆ ಕಡೆ ಇಟ್ಟು ಹೋದ ಹಾಗೆ ಅನ್ನಿಸಿತು. ಆ ಚೀಲವನ್ನು ಅವಳು ಬಹಳ ದಿನ ಬಿಚ್ಚಲಿಲ್ಲ.

ಅಷ್ಟರಲ್ಲಿ ಮಾಲೀಕ ಊರಿನ ಇನ್ನೊಂದು ಕಡೆ ಬೇರೆ ಹೆಸರಿನಲ್ಲಿ ಕಾರ್ಖಾನೆ ತೆರೆದಿದ್ದ. ಹಳಬರಲ್ಲಿ ಮುಕ್ಕಾಲು ಜನರನ್ನು ವಾಪಸ್ ಕರೆದರು. ಗುಂಡಿಯಮ್ಮನನ್ನೂ ಕರೆದರು, ಆದರೆ ಆ ಹೊತ್ತಿಗೆ ಅವಳ ಗಂಡ ತೀರಿಕೊಂಡಿದ್ದ. ಔಷಧಿ ತಪ್ಪಿದ ತಿಂಗಳುಗಳಲ್ಲೇ ಅವನು ಸೋತದ್ದು ಎಂದು ಜನ ಅಂದರು. ಅದು ಅಕ್ಕನ ಕಿವಿಗೂ ಬಿತ್ತು. ಇಲ್ಲ ಎನ್ನುವ ಗೋಜಿಗೆ ಅವಳು ಹೋಗಲಿಲ್ಲ. ಸಾವಿನ ಮನೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದಳು. ಗುಂಡಿಯಮ್ಮ ನೋಡಿದಳು, ಮುಖ ತಿರುಗಿಸಲಿಲ್ಲ, ಮಾತೂ ಆಡಲಿಲ್ಲ.

ಅಕ್ಕನಿಗೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆ ಮಡಿಚುವ ಕೆಲಸ ಸಿಕ್ಕಿತು. ಅಲ್ಲಿಯೂ ಡಬ್ಬಿಯ ಮುಂದೆ ಕೂತು ವಂದನೆ ಹೇಳುತ್ತಾಳೆ. ಹೊಸಬರು ಕೇಳುತ್ತಾರೆ, ಇದರಿಂದ ಏನು ಸಿಗುತ್ತೆ ಅಕ್ಕ ಎಂದು. ಮೊದಲಾಗಿದ್ದರೆ ಅವಳು ಸಮಾಧಾನ, ನೆಮ್ಮದಿ ಎಂದೆಲ್ಲ ಹೇಳುತ್ತಿದ್ದಳೇನೋ. ಈಗ ಗುಬ್ಬಿಯ ವಿಷಯ ಹೇಳುತ್ತಾಳೆ, ಏನನ್ನೂ ಬಿಡದೆ. ಒಂದು ಭಾನುವಾರ ಸಭೆಯಲ್ಲಿ, ದೇವರು ನಿಮ್ಮ ಬದುಕಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳಿ ಎಂದು ಎಬ್ಬಿಸಿದಾಗಲೂ ಅದನ್ನೇ ಹೇಳಿದಳು. ಕೊನೆಯಲ್ಲಿ ದೇವರು ಎಲ್ಲ ಒಳ್ಳೆಯದು ಮಾಡಿದ ಎಂಬ ಮಾತು ಬರುತ್ತದೆಂದು ಜನ ಕಾದರು. ಬರಲಿಲ್ಲ. ನಾನು ಅವನ ಕೈ ಬಿಟ್ಟಿಲ್ಲ ಎಂದಷ್ಟೇ ಹೇಳಿ ಕೂತಳು. ಮತ್ತೆ ಯಾರೂ ಅವಳನ್ನು ಸಾಕ್ಷಿಗೆ ಎಬ್ಬಿಸಲಿಲ್ಲ.

ಗುಬ್ಬಿಯ ತಾಯಿಯ ಮನೆಗೆ ಅವಳು ಎರಡನೇ ಸಲ ಹೋದದ್ದು ತಾನಾಗಿ ಅಲ್ಲ. ಪರಿಹಾರದ ಕಚೇರಿಯಿಂದ ಆ ತಾಯಿಗೆ ಕಾಗದಗಳು ಬರತೊಡಗಿದ್ದವು, ಓದಲು ಬರುತ್ತಿರಲಿಲ್ಲ. ಓಣಿಯವರು ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿ ತಲೆ ಕೆಡಿಸಿದ್ದರು. ಒಂದು ದಿನ ಪಕ್ಕದ ಮನೆಯವಳ ಕೈಲಿ ಹೇಳಿ ಕಳಿಸಿದಳು, ಆ ನಿಜ ಹೇಳೋ ಹೆಂಗಸನ್ನ ಕರೀರಿ ಎಂದು. ಅಕ್ಕ ಹೋಗಿ ಕಾಗದ ಓದಿ ಹೇಳಿದಳು. ಆಮೇಲೆ ಕಚೇರಿಗೆ ಜೊತೆಯಲ್ಲಿ ಹೋದಳು, ಸಾಲಿನಲ್ಲಿ ನಿಂತಳು, ಫಾರಂ ತುಂಬಿದಳು. ಹೀಗೆ ಮೂರು ವರ್ಷ. ಅವಳ ಗಂಡ ಹೇಳದೆ ಕೇಳದೆ ಹೋಗಿ ಆ ಮನೆಯ ಸೋರುವ ನಲ್ಲಿ ಸರಿಮಾಡಿ ಬಂದ. ತಾಯಿ ಹೆಚ್ಚು ಮಾತಾಡುತ್ತಿರಲಿಲ್ಲ. ಕೂರು ಎಂದೂ ಹೇಳುತ್ತಿರಲಿಲ್ಲ. ಅಕ್ಕ ಚಾಪೆಯ ಅಂಚಿನಲ್ಲಿ ತಾನೇ ಕೂತು, ಕೆಲಸ ಮುಗಿಸಿ ಏಳುತ್ತಿದ್ದಳು. ಆ ಮನೆಯಲ್ಲಿ ಅವಳು ಒಂದು ದಿನವೂ ಕೈ ಸೇರಿಸಲಿಲ್ಲ.

ಮೂರನೇ ವರ್ಷದ ಕೊನೆಗೆ ತಾಯಿಯ ಕಣ್ಣು ಮಂಜಾಯಿತು. ದೂರದ ಊರಿನಲ್ಲಿದ್ದ ಅವಳ ಅಣ್ಣ, ಒಬ್ಬಳೇ ಯಾಕೆ ಇರ್ತೀ, ಬಂದುಬಿಡು ಎಂದು ಕರೆದ. ಹೊರಡುವ ದಿನ ಅಕ್ಕ ಬಸ್ ನಿಲ್ದಾಣಕ್ಕೆ ಹೋದಳು. ಒಂದು ಟ್ರಂಕು, ಎರಡು ಗಂಟು, ಸುತ್ತಿ ಕಟ್ಟಿದ ಹಾಸಿಗೆ. ಬಸ್ಸು ತಡ ಎಂದರು. ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ನಡುವೆ ಗಂಟುಗಳನ್ನಿಟ್ಟುಕೊಂಡು ಕೂತರು. ಜನ ಓಡಾಡುತ್ತಿದ್ದರು, ಯಾವ್ಯಾವುದೋ ಊರಿನ ಹೆಸರು ಕೂಗುತ್ತಿದ್ದರು. ಆ ಗದ್ದಲದ ನಡುವೆ ತಾಯಿ, ಇತ್ತ ತಿರುಗದೆಯೇ, ಕೆಲಸದಲ್ಲಿ ಅವಳು ಹೇಗಿರ್ತಿದ್ದಳು ಎಂದು ಕೇಳಿದಳು. ಮನೆಗೆ ಬರುವಾಗ ದಣಿದು ಬರ್ತಿದ್ದಳು, ಉಂಡು ಮಲಗ್ತಿದ್ದಳು, ನನಗೆ ಅವಳ ಹಗಲು ಗೊತ್ತೇ ಇಲ್ಲ ಎಂದಳು.

ಅಕ್ಕ ಹೇಳಿದಳು. ಇಸ್ತ್ರಿಯ ಹಬೆಗೆ ಮುಖವೊಡ್ಡಿ, ದುಡ್ಡು ಕೊಡದೆ ಅಂದ ಹೆಚ್ಚುತ್ತೆ ಎಂದು ನಗಿಸುತ್ತಿದ್ದದ್ದು. ಮ್ಯಾನೇಜರ್ ನಡೆಯುವ ಹಾಗೆ ಕೈ ಹಿಂದೆ ಕಟ್ಟಿ ನಡೆದು ತೋರಿಸುವಾಗ ಅವನೇ ಹಿಂದೆ ಬಂದು ನಿಂತದ್ದು, ಇವಳು ಹೆದರದೆ ನಿಮ್ಮ ನಡಿಗೆ ಕಲೀತಿದ್ದೀನಿ ಸರ್ ಎಂದದ್ದು. ಮಳೆಗಾಲದಲ್ಲಿ ಎಲ್ಲರ ಒದ್ದೆ ಕಾಲುಚೀಲಗಳನ್ನು ಕದ್ದುಮುಚ್ಚಿ ಒಣಗಿಸಿ ಕೊಟ್ಟದ್ದು. ಮೊದಲ ತಿಂಗಳು ಒಂದು ತೋಳಿನ ಗೆರೆ ಸರಿಬರದೆ ಅತ್ತದ್ದು, ಆಮೇಲೆ ಅದನ್ನೇ ಹೊಸಬರಿಗೆ ಕಲಿಸಿದ್ದು. ತಾಯಿ ನಡುವೆ ಒಮ್ಮೆ ನಕ್ಕಳು, ನಕ್ಕು ಬಾಯಿ ಮುಚ್ಚಿಕೊಂಡಳು. ಇನ್ನೂ ಹೇಳು ಎಂದಳು. ಬಸ್ಸು ಬಂದಾಗಲೂ ಅಕ್ಕ ಹೇಳುತ್ತಲೇ ಇದ್ದಳು.

ಟ್ರಂಕು ಮೇಲೇರಿಸಿ, ಗಂಟುಗಳನ್ನು ಸೀಟಿನ ಕೆಳಗೆ ತಳ್ಳಿ, ಅಕ್ಕ ಅವಳನ್ನು ಕಿಟಕಿಯ ಪಕ್ಕ ಕೂರಿಸಿದಳು. ಕ್ಷಮಿಸಿದೆ ಎಂಬ ಮಾತು ತಾಯಿಯ ಬಾಯಿಂದ ಬರಲಿಲ್ಲ. ಅಕ್ಕನೂ ಅದನ್ನು ಕಾಯುತ್ತಿರಲಿಲ್ಲ, ಅಥವಾ ಕಾಯುತ್ತಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಿದ್ದಳು. ಬಸ್ಸು ಹೊರಡುವ ಮುಂಚೆ ತಾಯಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಮಂಜುಗಣ್ಣಿನಲ್ಲಿ ತಡಕಿ, ಅವಳ ಭುಜ ಹುಡುಕಿ ಮುಟ್ಟಿದಳು.

"ಮಿಕ್ಕಿದ್ದು ಕಾಗದ ಬರಿ. ಅಣ್ಣನ ಮಗಳ ಹತ್ತಿರ ಓದಿಸಿಕೊಳ್ತೀನಿ" ಎಂದಳು.

ಬರೀತೀನಮ್ಮ ಎಂದಳು ಅಕ್ಕ. ಬಸ್ಸು ಹೋದ ಮೇಲೆ ಅಲ್ಲೇ ಒಂದು ಅಂಗಡಿಯಲ್ಲಿ ಗೆರೆ ಹಾಕಿದ ಕಾಗದದ ಪುಸ್ತಕ ಕೊಂಡಳು. ಆಸ್ಪತ್ರೆಯ ಕೆಲಸಕ್ಕೆ ಆಗಲೇ ಹೊತ್ತಾಗಿತ್ತು. ದಾರಿಯುದ್ದಕ್ಕೂ ಗುಬ್ಬಿ ಆಡಿದ ಮಾತು, ಮಾಡಿದ ಚೇಷ್ಟೆ ಒಂದೊಂದನ್ನೇ ನೆನಪು ಮಾಡಿಕೊಳ್ಳುತ್ತ ನಡೆದಳು. ಗುಬ್ಬಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದು ಹತ್ತೇ ತಿಂಗಳು. ಎಷ್ಟು ಕಾಗದಕ್ಕೆ ಆದೀತೋ ಗೊತ್ತಿರಲಿಲ್ಲ.